ಐಲೀನ್ ಫ್ಲೆಚರ್

ಐಲೀನ್ ಫ್ಲೆಚರ್ ಅವರು ಬ್ರಿಟನ್ನಿನ ಸಮಾಜಕಾರ್ಯಕರ್ತೆ ಹಾಗೂ ಕ್ವೇಕರ್ ಪಂಥದ ಅನುಯಾಯಿ. ಬ್ರಿಟಿಷ್ ವಸಾಹತಾಗಿದ್ದ ಕೀನ್ಯಾದಲ್ಲಿ ತುರ್ತುಪರಿಸ್ಥಿತಿಯ ಕಾಲದಲ್ಲಿ ಪುನರ್ವಸತಿ ಅಧಿಕಾರಿಯಾಗಿ ಕೆಲಸ ಮಾಡಿದರು. ಸೆರೆಮನೆ ಮತ್ತು ಬಂಧನ ಶಿಬಿರಗಳಲ್ಲಿ ತಾವು ಕಂಡುದನ್ನು 1956ರಲ್ಲಿ ಬಹಿರಂಗಪಡಿಸಿ, ಬ್ರಿಟಿಷ್ ಸಂಸತ್ತಿನಲ್ಲಿ ಚರ್ಚೆಗೆ ಕಾರಣರಾದರು.

ಹಿನ್ನೆಲೆ

ಜಮೀನು ಕಳೆದುಕೊಂಡ ಕಿಕುಯು ಜನರ ಅಸಮಾಧಾನದಿಂದ ಬೆಳೆದ ಮೌ ಮೌ ಬಂಡಾಯವನ್ನು ಹತ್ತಿಕ್ಕಲು ರಾಜ್ಯಪಾಲ ಈವ್ಲಿನ್ ಬೇರಿಂಗ್ 1952ರ ಅಕ್ಟೋಬರ್ 20ರಂದು ತುರ್ತುಪರಿಸ್ಥಿತಿ ಘೋಷಿಸಿದರು. ಇದು 1960ರ ಜನವರಿಯವರೆಗೆ ಜಾರಿಯಲ್ಲಿತ್ತು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ, ಸಾಮೂಹಿಕ ದಂಡ ವಿಧಿಸುವ ಹಾಗೂ ಜನವಸತಿಯನ್ನು ಸ್ಥಳಾಂತರಿಸುವ ಅಧಿಕಾರ ಇದರಿಂದ ಆಡಳಿತಕ್ಕೆ ದೊರೆಯಿತು. ಮದ್ದುಗುಂಡು ಹೊಂದಿರುವುದು, ಶಸ್ತ್ರಧಾರಿಗಳ ಸಂಗಡವಿರುವುದು ಮುಂತಾದ ಅಪರಾಧಗಳಿಗೂ ಮರಣದಂಡನೆಯನ್ನು ವಿಸ್ತರಿಸಲಾಯಿತು. ಈ ಅವಧಿಯಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಲಾಯಿತು. 1954ರಿಂದ 1960ರವರೆಗೆ ಬಂಧನದಲ್ಲಿದ್ದ ಮಹಿಳೆಯರ ಸಂಖ್ಯೆ ಸುಮಾರು 8,000 ಎಂದು ಅಂದಾಜಿಸಲಾಗಿದೆ. ಅವರ ಮುಖ್ಯ ಬಂಧನಸ್ಥಳ ನೈರೋಬಿ ಸಮೀಪದ ಕಮಿಟಿ.

ಪುನರ್ವಸತಿ ಅಧಿಕಾರಿಯಾಗಿ

ಬಂಧಿತರನ್ನು ಶಿಕ್ಷಣ, ಕಸುಬು ಹಾಗೂ ತಪ್ಪೊಪ್ಪಿಗೆಗಳ ಮೂಲಕ ಪರಿವರ್ತಿಸುವ ಯೋಜನೆಯನ್ನು ಥಾಮಸ್ ಆಸ್ಕ್‌ವಿತ್ ನೇತೃತ್ವದ ಸಮುದಾಯ ಅಭಿವೃದ್ಧಿ ಇಲಾಖೆ ನಡೆಸುತ್ತಿತ್ತು. ಮಹಿಳಾ ಶಿಬಿರಗಳಲ್ಲಿ ಅಕ್ಷರಾಭ್ಯಾಸ, ನೈರ್ಮಲ್ಯ, ಗೃಹಕೃತ್ಯಗಳ ಬೋಧನೆಗೆ ಮಹಿಳಾ ಅಧಿಕಾರಿಗಳ ಅಗತ್ಯವಿತ್ತು. ಹೀಗೆ ತುರ್ತು ಅಧಿಕಾರವೇ ವೃತ್ತಿನಿರತ ಮಹಿಳೆಯರಿಗೆ ಹೊಸ ಹುದ್ದೆಗಳನ್ನು ಒದಗಿಸಿತು. 1954ರ ಕೊನೆಯಲ್ಲಿ ಕೀನ್ಯಾಕ್ಕೆ ಬಂದ ಫ್ಲೆಚರ್, ಹೊರಗಿನವರಿಗೆ ಸುಲಭವಾಗಿ ಪ್ರವೇಶವಿಲ್ಲದ ಸ್ಥಳಗಳನ್ನು ಕರ್ತವ್ಯದ ನಿಮಿತ್ತ ಕಂಡರು. ಕೆಲವೇ ತಿಂಗಳಲ್ಲಿ ಹುದ್ದೆಗೆ ರಾಜೀನಾಮೆಯಿತ್ತು ಬ್ರಿಟನ್ನಿಗೆ ಮರಳಿದರು.

ಬಹಿರಂಗ ಸಾಕ್ಷ್ಯ

1956ರ ಮೇ ತಿಂಗಳಲ್ಲಿ ಶಾಂತಿವಾದಿ ವಾರಪತ್ರಿಕೆ ‘ಪೀಸ್ ನ್ಯೂಸ್’ ಅವರ ಲೇಖನಮಾಲೆಯನ್ನು ಪ್ರಕಟಿಸಿತು. ‘ಟ್ರೂತ್ ಅಬೌಟ್ ಕೀನ್ಯಾ’ ಎಂಬ ಕಿರುಹೊತ್ತಗೆಯೂ ಅದೇ ವರ್ಷ ಹೊರಬಂದಿತು. ವಿಚಾರಣೆಯಿಲ್ಲದ ಬಂಧನ, ಶಿಬಿರಗಳ ದುಃಸ್ಥಿತಿ ಮತ್ತು ಬಂಧಿತರ ಮೇಲಿನ ದೌರ್ಜನ್ಯಗಳನ್ನು ಅವರು ವಿವರಿಸಿದರು. ಹೆಚ್ಚು ಕಳವಳ ಮೂಡಿಸಿದ್ದು ಕಮಿಟಿ ಸೆರೆಮನೆಯಲ್ಲಿದ್ದ ಬಾಲಕಿಯರ ಸಂಗತಿ. 11 ಮತ್ತು 12 ವರ್ಷದ ಹುಡುಗಿಯರೂ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದರೆಂದು ಅವರು ತಿಳಿಸಿದರು.

ವಿವಾದ

ಲೇಬರ್ ಪಕ್ಷದ ಬಾರ್ಬರಾ ಕ್ಯಾಸಲ್ ಮೊದಲಾದ ಸದಸ್ಯರು ಈ ವಿಷಯವನ್ನು ಸಂಸತ್ತಿನಲ್ಲಿ ಎತ್ತಿದರು. ವಸಾಹತು ಸಚಿವ ಅಲನ್ ಲೆನಾಕ್ಸ್-ಬಾಯ್ಡ್ ಫ್ಲೆಚರ್ ಅವರ ವಿವರಗಳ ನಿಖರತೆಯನ್ನು ಪ್ರಶ್ನಿಸಿದರು. ಬಾಲಕಿಯರ ವಯಸ್ಸು ಅದಕ್ಕಿಂತ ಹೆಚ್ಚೆಂಬುದು ಸರ್ಕಾರದ ವಾದವಾಗಿತ್ತು. ಈ ವಯಸ್ಸಿನ ಪ್ರಶ್ನೆ ಗೌಣವಾದುದಲ್ಲ. ಜನನ ನೋಂದಣಿ ಸಾರ್ವತ್ರಿಕವಾಗಿಲ್ಲದ ಸಮಾಜದಲ್ಲಿ ಆಪಾದಿತರ ವಯಸ್ಸನ್ನು ಅಂದಾಜಿನಿಂದ ನಿರ್ಧರಿಸಲಾಗುತ್ತಿತ್ತು; ಗಲ್ಲು ಅಥವಾ ಸೆರೆವಾಸ ಎಂಬ ನಿರ್ಣಯವೂ ಆ ಅಂದಾಜನ್ನು ಅವಲಂಬಿಸಿರಬಹುದಾಗಿತ್ತು. ಆಗ ಸ್ವತಂತ್ರ ವಿಚಾರಣೆಗೆ ಸರ್ಕಾರ ಒಪ್ಪಲಿಲ್ಲ.

ಮಹತ್ವ

1959ರ ಮಾರ್ಚ್ 3ರಂದು ಹೋಲಾ ಶಿಬಿರದಲ್ಲಿ 11 ಬಂಧಿತರನ್ನು ಹೊಡೆದು ಕೊಂದ ಘಟನೆಯ ನಂತರವೇ ಶಿಬಿರ ವ್ಯವಸ್ಥೆಯ ಬಗ್ಗೆ ಬ್ರಿಟನ್ನಿನಲ್ಲಿ ವ್ಯಾಪಕ ಖಂಡನೆ ಕೇಳಿಬಂದಿತು. 2013ರಲ್ಲಿ ಬ್ರಿಟಿಷ್ ಸರ್ಕಾರ, ಕೀನ್ಯಾದವರು ವಸಾಹತು ಆಡಳಿತದಿಂದ ಚಿತ್ರಹಿಂಸೆಗೆ ಒಳಗಾದುದನ್ನು ಅಂಗೀಕರಿಸಿ ವಿಷಾದ ವ್ಯಕ್ತಪಡಿಸಿತು. 5,228 ಸಂತ್ರಸ್ತರಿಗೆ ಪರಿಹಾರ ನೀಡಲು ಒಪ್ಪಿತು. ಪ್ರಕರಣ ಹೂಡಿದವರಲ್ಲಿ ಜೇನ್ ಮುಥೋನಿ ಮಾರಾ ಎಂಬ ಮಹಿಳೆಯೂ ಇದ್ದರು. ಶಿಬಿರಗಳಲ್ಲಿದ್ದ ಮಹಿಳೆಯರ ಸ್ಥಿತಿಯ ಬಗ್ಗೆ ಆಡಳಿತದ ಒಳಗಿನಿಂದಲೇ ಬಂದ ಆರಂಭದ ಸಾಕ್ಷ್ಯಗಳಲ್ಲಿ ಫ್ಲೆಚರ್ ಅವರ ಬರಹ ಮುಖ್ಯವಾದುದು. ತುರ್ತು ಅಧಿಕಾರ ಸೃಷ್ಟಿಸಿದ ಹುದ್ದೆಯೇ ಆ ಅಧಿಕಾರದ ದುರ್ಬಳಕೆಯನ್ನು ಹೊರಜಗತ್ತಿಗೆ ತಿಳಿಸಲು ಅವರಿಗೆ ಆಧಾರವಾಯಿತು.