ವಿಪಶ್ಯನಾ: ನಮ್ಮ ನೆರೆಯಲ್ಲಿರುವ ಮೌನದ ಶಾಲೆ

ಕಲ್ಯಾಣದಿಂದ ಕಸಾರಾದತ್ತ ಹೊರಡುವ ಲೋಕಲ್ ಗಾಡಿಯು ಶಹಾಡ್, ಅಂಬಿವಲಿ, ಟಿಟವಾಳಾಗಳನ್ನು ದಾಟಿದ ಮೇಲೆ ಖಡವಲಿ ಎಂಬ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ಟಿಟವಾಳಾದ ಗಣಪತಿಯ ದರ್ಶನಕ್ಕೆ ಹೋಗುವ ನಮ್ಮವರಲ್ಲಿ ಅಲ್ಲಿಂದ ಮುಂದಿನ ನಿಲ್ದಾಣಕ್ಕೆ ಹೋದವರು ವಿರಳ. ಆ ಖಡವಲಿಯ ಸಮೀಪ, ಭಿವಂಡಿ ತಾಲೂಕಿನ ಸೋರಗಾಂವ್‌ನಲ್ಲಿ, ಮಾತೋಶ್ರೀ ವೃದ್ಧಾಶ್ರಮದ ಆವರಣದಲ್ಲಿಯೇ 'ಧಮ್ಮ ಸರಿತಾ' ಎಂಬ ವಿಪಶ್ಯನಾ ಕೇಂದ್ರವಿದೆ. ನವಿ ಮುಂಬಯಿಯ ಬೇಲಾಪುರದಲ್ಲಿ, ಪಾರಸಿಕ್ ಗುಡ್ಡದ ಮೇಲೆ 'ಧಮ್ಮ ವಿಪುಲ' ಎಂಬ ಇನ್ನೊಂದು ಕೇಂದ್ರವಿದೆ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇವೆರಡೂ ಒಂದು ದಿನದ ಪ್ರಯಾಣದ ಒಳಗೇ ಇವೆ. ಈ ಸಂಸ್ಥೆಯ ಹಿನ್ನೆಲೆ, ಕಾರ್ಯಕ್ರಮ ಮತ್ತು ಮಿತಿಗಳನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಲೆಕ್ಕಾಧಿಕಾರಿಯೊಬ್ಬರ ಕಾಣಿಕೆ

ಈ ಪರಂಪರೆ ಇಂದಿನ ರೂಪದಲ್ಲಿ ನಮಗೆ ಬಂದದ್ದು ಬರ್ಮಾದಿಂದ. ಅದನ್ನು ಗೃಹಸ್ಥರಿಗೆ ಕಲಿಸಿದ ಸಯಾಜಿ ಊ ಬಾ ಖಿನ್ (1899-1971) ಸನ್ಯಾಸಿಯಲ್ಲ, ಸರ್ಕಾರಿ ನೌಕರರು. 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್ ಆದ ಅವರು ತಮ್ಮ ಕಚೇರಿಯ ಸಿಬ್ಬಂದಿಗೂ ಧ್ಯಾನ ಕಲಿಸಿದರು. 1952ರಲ್ಲಿ ರಂಗೂನಿನಲ್ಲಿ ಧ್ಯಾನಕೇಂದ್ರವೊಂದನ್ನು ಸ್ಥಾಪಿಸಿದರು. ಲೆಡ್ಜರುಗಳ ನಡುವೆಯೇ ಆಯುಷ್ಯ ಕಳೆದ ನಮ್ಮಂಥವರಿಗೆ ಈ ಸಂಗತಿ ವಿಶೇಷವಾಗಿ ಆಪ್ತವೆನಿಸುತ್ತದೆ.

ಅವರ ಶಿಷ್ಯ ಸತ್ಯನಾರಾಯಣ ಗೋಯೆಂಕಾ 1924ರಲ್ಲಿ ಮಂಡಾಲೆಯ ಮಾರವಾಡಿ ಕುಟುಂಬದಲ್ಲಿ ಜನಿಸಿದರು. ಯಶಸ್ವಿ ವ್ಯಾಪಾರಿಯಾಗಿದ್ದ ಅವರನ್ನು ತೀವ್ರವಾದ ಅರೆತಲೆನೋವು ಬಾಧಿಸುತ್ತಿತ್ತು. ಅದರ ಪರಿಹಾರವನ್ನು ಅರಸುತ್ತ 1955ರಲ್ಲಿ ಗುರುಗಳ ಬಳಿಗೆ ಹೋದಾಗ, ಕೇವಲ ತಲೆನೋವು ಕಳೆದುಕೊಳ್ಳಲು ಈ ವಿದ್ಯೆಯನ್ನು ಕಲಿಯುವುದಾದರೆ ಬರಬೇಡಿರೆಂಬ ಉತ್ತರ ಸಿಕ್ಕಿತೆಂದು ಗೋಯೆಂಕಾ ಅವರೇ ಹೇಳುತ್ತಿದ್ದರು. ಮನಸ್ಸಿನ ಶುದ್ಧಿಗಾಗಿ ಎಂದು ಒಪ್ಪಿಕೊಂಡ ಮೇಲೆ ಅವರು ಹದಿನಾಲ್ಕು ವರ್ಷ ಅಭ್ಯಾಸ ಮಾಡಿದರು. 1969ರಲ್ಲಿ ಭಾರತಕ್ಕೆ ಬಂದು, ಅದೇ ಜುಲೈನಲ್ಲಿ ತಮ್ಮ ತಂದೆತಾಯಿ ಹಾಗೂ ಇನ್ನೂ ಹನ್ನೆರಡು ಜನರಿಗೆ ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಕಸಾರಾ ಘಾಟಿಯ ಮೇಲಿರುವ ಇಗತಪುರಿಯಲ್ಲಿ 1976ರಲ್ಲಿ 'ಧಮ್ಮ ಗಿರಿ' ಆರಂಭವಾಯಿತು. 2012ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು; 2013ರ ಸೆಪ್ಟೆಂಬರ್ 29ರಂದು ಮುಂಬಯಿಯಲ್ಲಿ ನಿಧನರಾದರು. ಇಂದಿಗೂ ಶಿಬಿರಗಳಲ್ಲಿ ಅವರ ಧ್ವನಿಮುದ್ರಿತ ಸೂಚನೆಗಳನ್ನೇ ಬಳಸಲಾಗುತ್ತದೆ.

ಹತ್ತು ದಿನಗಳ ದಿನಚರಿ

ಹೊಸಬರು ಹತ್ತು ದಿನ ಕೇಂದ್ರದಲ್ಲಿಯೇ ವಾಸಿಸಬೇಕು. ಹನ್ನೊಂದನೆಯ ದಿನ ಬೆಳಿಗ್ಗೆ ಬಿಡುಗಡೆ. ಅಹಿಂಸೆ, ಕಳವು ಮಾಡದಿರುವುದು, ಬ್ರಹ್ಮಚರ್ಯ, ಸತ್ಯ, ಮಾದಕ ವಸ್ತುಗಳ ವರ್ಜನೆ ಎಂಬ ಪಂಚಶೀಲಗಳ ಪಾಲನೆ ಕಡ್ಡಾಯ. ಹತ್ತನೆಯ ದಿನದವರೆಗೆ ಆರ್ಯಮೌನ. ಮಾತು ಮಾತ್ರವಲ್ಲ, ಕಣ್ಣಸನ್ನೆಯೂ ನಿಷಿದ್ಧ. ಮೊಬೈಲು, ಪುಸ್ತಕ, ಲೇಖನಿಗಳನ್ನು ಮೊದಲೇ ಒಪ್ಪಿಸಬೇಕು. ಸ್ತ್ರೀಪುರುಷರ ವಸತಿ ಪ್ರತ್ಯೇಕ.

ಬೆಳಗಿನ 4 ಗಂಟೆಗೆ ಘಂಟಾನಾದ, 4.30ಕ್ಕೆ ಧ್ಯಾನ. 6.30ಕ್ಕೆ ಉಪಾಹಾರ, 11ಕ್ಕೆ ಊಟ, ಸಂಜೆ 5ಕ್ಕೆ ಚಹಾ ಮತ್ತು ಹಣ್ಣು, 7ಕ್ಕೆ ಪ್ರವಚನ. ದಿನವೊಂದಕ್ಕೆ ಸುಮಾರು ಹತ್ತು ಗಂಟೆ ಕುಳಿತುಕೊಳ್ಳಬೇಕು. ಮೊದಲ ಮೂರು ದಿನ 'ಆನಾಪಾನ', ಅಂದರೆ ಸಹಜವಾಗಿ ಬಂದುಹೋಗುವ ಉಸಿರನ್ನು ಗಮನಿಸುವುದು. ನಾಲ್ಕನೆಯ ದಿನದಿಂದ 'ವಿಪಶ್ಯನಾ', ಅಂದರೆ ತಲೆಯಿಂದ ಪಾದದವರೆಗೆ ದೇಹದಲ್ಲಿ ಏಳುವ ಸಂವೇದನೆಗಳನ್ನು ಸಮಚಿತ್ತದಿಂದ ನೋಡುವುದು. ಮಂಡಿ ನೋಯುತ್ತದೆ, ನೋವಿನ ಜೊತೆಗೆ ಸಿಟ್ಟೂ ಏಳುತ್ತದೆ. ಅವೆರಡನ್ನೂ ಅಟ್ಟದೆ, ಅಪ್ಪದೆ, ಬಂದದ್ದು ಹೋಗುವುದನ್ನು ಕಾಣುವುದೇ ಅಭ್ಯಾಸ. ಕೊನೆಯ ದಿನ ಸಕಲರಿಗೂ ಶುಭ ಕೋರುವ ಮೈತ್ರಿ ಭಾವನೆ. ಜಪವಿಲ್ಲ, ಮೂರ್ತಿಯಿಲ್ಲ, ಮತಾಂತರದ ಪ್ರಶ್ನೆಯೂ ಇಲ್ಲ.

ಖರ್ಚನ್ನು ಭರಿಸುವವರು ಯಾರು?

ಊಟ, ವಸತಿ, ಶಿಕ್ಷಣ ಯಾವುದಕ್ಕೂ ಶುಲ್ಕವಿಲ್ಲ. ಹೊರಗಿನವರಿಂದ ದೇಣಿಗೆಯನ್ನೂ ಸ್ವೀಕರಿಸುವುದಿಲ್ಲ. ಕನಿಷ್ಠ ಒಂದು ಹತ್ತು ದಿನಗಳ ಶಿಬಿರವನ್ನು ಪೂರೈಸಿದವರು ಮಾತ್ರ, ತಮಗೆ ಪ್ರಯೋಜನವಾಗಿದ್ದರೆ, ಯಥಾಶಕ್ತಿ ದಾನ ಮಾಡಬಹುದು. ಆ ಹಣ ಮುಂದೆ ಬರುವ ಅಪರಿಚಿತನ ಊಟಕ್ಕೆ ಸಲ್ಲುತ್ತದೆ. ಆಚಾರ್ಯರಿಗೆ ಸಂಭಾವನೆಯಿಲ್ಲ, ಶಿಬಿರಾರ್ಥಿಗಳ ಯೋಗಕ್ಷೇಮ ನೋಡುವ ಧರ್ಮಸೇವಕರೂ ಹಳೆಯ ಸಾಧಕರೇ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಪ್ರತಿಯೊಬ್ಬನೂ ಮೊದಲು ಸಾಲಗಾರ; ಠೇವಣಿ ಇಡುವ ಹಕ್ಕು ಆಮೇಲಿನದು.

ಈ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ಬೊರಿವಲಿಯ ಕಾನ್ಹೇರಿ ಗುಹೆಗಳ ಪ್ರಾಚೀನ ಶಾಸನಗಳಲ್ಲಿ ಕಲ್ಯಾಣದ ವರ್ತಕರು ಭಿಕ್ಷುಗಳಿಗೆ ಕೊಟ್ಟ ದಾನಗಳ ಉಲ್ಲೇಖವಿದೆ. ಮೂಲಧನ ಕರಗದಂತೆ ಇಟ್ಟು, ಬಡ್ಡಿಯಿಂದ ಭಿಕ್ಷುಗಳ ವಸ್ತ್ರದ ಖರ್ಚನ್ನು ನಡೆಸುವ ಏರ್ಪಾಟಿಗೆ 'ಅಕ್ಷಯನೀವಿ' ಎಂದು ಹೆಸರು. ಒಂಬತ್ತನೆಯ ಶತಮಾನದಲ್ಲಿ ಈ ಕೊಂಕಣವನ್ನು ಶಿಲಾಹಾರರು ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸಾಮಂತರಾಗಿ ಆಳುತ್ತಿದ್ದರು. ಅವನ ಕಾಲದ ದಾನಶಾಸನಗಳೂ ಕಾನ್ಹೇರಿಯಲ್ಲಿವೆ. ಕನ್ನಡ ದೊರೆಯ ಆಳ್ವಿಕೆಯಲ್ಲಿ ಧ್ಯಾನಿಗಳ ವಸತಿಗೆ ನಾಡವರು ಹಣ ಕಟ್ಟಿದ ನೆಲವಿದು ಎಂಬುದನ್ನು ನಾವು ಮರೆಯಬಾರದು.

ಸೇವೆಯ ಕ್ಷೇತ್ರ

ಕಣ್ಣು ಮುಚ್ಚಿ ಕುಳಿತರೆ ಸಮಾಜಕ್ಕೇನು ಲಾಭ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆಸ್ಪತ್ರೆ ಕಟ್ಟುವುದಾಗಲಿ, ನೆರೆ ಪರಿಹಾರ ಹಂಚುವುದಾಗಲಿ ಈ ಕೇಂದ್ರಗಳ ಮುಖ್ಯ ಕಾರ್ಯವಲ್ಲ. ಧ್ಯಾನವನ್ನು ಅದರ ಅಗತ್ಯ ಹೆಚ್ಚಿರುವ ಕಡೆಗೆ ಒಯ್ಯುವುದೇ ಇವರ ಸೇವೆಯ ಬಗೆ. 1975ರಲ್ಲಿ ಜೈಪುರದ ಕೇಂದ್ರ ಕಾರಾಗೃಹದಲ್ಲಿ ಕೈದಿಗಳಿಗಾಗಿ ಮೊದಲ ಶಿಬಿರ ನಡೆಯಿತು. 1994ರ ಏಪ್ರಿಲ್‌ನಲ್ಲಿ, ಕಿರಣ್ ಬೇಡಿಯವರು ದೆಹಲಿಯ ಕಾರಾಗೃಹಗಳ ಮುಖ್ಯಸ್ಥರಾಗಿದ್ದಾಗ, ತಿಹಾರಿನಲ್ಲಿ ಸಾವಿರಕ್ಕೂ ಹೆಚ್ಚು ಬಂದಿಗಳು ಒಟ್ಟಿಗೆ ಕುಳಿತರು. ಬಳಿಕ ಅಲ್ಲಿಯೇ ಶಾಶ್ವತ ಕೇಂದ್ರ ಸ್ಥಾಪನೆಯಾಯಿತು. ಮಹಾರಾಷ್ಟ್ರದ ಶಾಲಾ ಶಿಕ್ಷಣ ಇಲಾಖೆಯ ಸಹಯೋಗದಲ್ಲಿ ರೂಪುಗೊಂಡ 'ಮಿತ್ರ ಉಪಕ್ರಮ'ವು ಶಾಲಾ ಮಕ್ಕಳಿಗೆ ಆನಾಪಾನವನ್ನು ಪರಿಚಯಿಸಿತು. 1985ರಲ್ಲಿ ಇಗತಪುರಿಯಲ್ಲಿ ಆರಂಭವಾದ ವಿಪಶ್ಯನಾ ವಿಶೋಧನ ವಿನ್ಯಾಸವು ಪಾಲಿ ತ್ರಿಪಿಟಕವನ್ನು ಅನೇಕ ಲಿಪಿಗಳಲ್ಲಿ ಒದಗಿಸಿದೆ. ಅವುಗಳಲ್ಲಿ ಕನ್ನಡ ಲಿಪಿಯೂ ಒಂದು.

ಸಾರ್ವಜನಿಕರು ನೋಡಬಹುದಾದ ಸ್ಥಳವೆಂದರೆ ಗೊರಾಯಿಯ ಗ್ಲೋಬಲ್ ವಿಪಶ್ಯನಾ ಪಗೋಡ. ಯಾಂಗೂನಿನ ಶ್ವೇದಗೋನ್ ಪಗೋಡವನ್ನು ಹೋಲುವ ಈ ಕಟ್ಟಡವನ್ನು 2009ರ ಫೆಬ್ರವರಿ 8ರಂದು ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದರು. ಒಳಗೆ ಒಂದೂ ಕಂಬವಿಲ್ಲದ ಗುಮ್ಮಟದಡಿಯಲ್ಲಿ ಸುಮಾರು 8,000 ಜನ ಕುಳಿತುಕೊಳ್ಳಬಹುದು.

ಹೊರಡುವ ಮುನ್ನ

ಹೋಗಬಯಸುವವರು ಮುಂಚಿತವಾಗಿ ಅರ್ಜಿ ಸಲ್ಲಿಸಿ, ಸ್ವೀಕೃತಿ ಬಂದ ಮೇಲೆಯೇ ಹೊರಡಬೇಕು. ಕನ್ನಡದಲ್ಲಿ ಧ್ವನಿಮುದ್ರಿತ ಸೂಚನೆಗಳು ಲಭ್ಯವಿವೆ. ಅವುಗಳ ಅಗತ್ಯವಿದ್ದರೆ ಅರ್ಜಿಯಲ್ಲಿಯೇ ತಿಳಿಸುವುದು ಲೇಸು. ಊರಿಗೆ ಹೋದಾಗ ಕಲಿಯಬಯಸುವವರಿಗೆ ಬೆಂಗಳೂರಿನ ತುಮಕೂರು ರಸ್ತೆಯಾಚೆಯ ಆಲೂರಿನಲ್ಲಿ 'ಧಮ್ಮ ಪಫುಲ್ಲ' ಇದೆ.

ಒಂದು ಎಚ್ಚರಿಕೆಯ ಮಾತು ಅಗತ್ಯ. ಇದು ವಿಶ್ರಾಂತಿಧಾಮವಲ್ಲ, ಚಿಕಿತ್ಸಾಲಯವೂ ಅಲ್ಲ. ತೀವ್ರ ಮಾನಸಿಕ ಅಸ್ವಸ್ಥತೆ ಇರುವವರು ಸೇರಬಾರದೆಂದು ಸಂಸ್ಥೆಯೇ ಹೇಳುತ್ತದೆ, ಅರ್ಜಿಯಲ್ಲಿ ಆ ಕುರಿತು ಪ್ರಶ್ನೆಗಳಿವೆ. ನಮ್ಮ ಕುಟುಂಬಗಳಲ್ಲಿ ಇಂತಹ ಕಾಯಿಲೆಯನ್ನು ನೆಂಟರಿಂದ ಮುಚ್ಚಿಡುವುದು ರೂಢಿ. ಹತ್ತು ದಿನ ಕಳಿಸಿದರೆ ಸರಿಹೋದೀತು ಎಂಬ ಆಸೆಯಿಂದ ಅರ್ಜಿಯಲ್ಲಿಯೂ ಅದನ್ನು ಮರೆಮಾಚಿದರೆ ಅಪಾಯಕ್ಕೀಡಾಗುವವರು ನಮ್ಮ ಮಕ್ಕಳೇ. ಸೇವಿಸುತ್ತಿರುವ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದೂ ತರವಲ್ಲ.

ಮುಂಬಯಿಗೆ ಉದ್ಯೋಗ ಅರಸಿ ಬಂದ ನಮ್ಮ ತಲೆಮಾರು ಈಗ ನಿವೃತ್ತಿಯ ಹೊಸ್ತಿಲಲ್ಲಿದೆ. ಮಕ್ಕಳು ದೂರದಲ್ಲಿದ್ದಾರೆ, ಫ್ಲಾಟಿನಲ್ಲಿ ಗಂಡಹೆಂಡಿರಿಬ್ಬರೇ. ಮೌನ ಅಲ್ಲಿಯೂ ಇದೆ, ಆದರೆ ಅದು ಆರಿಸಿಕೊಂಡ ಮೌನವಲ್ಲ. ವೃದ್ಧಾಶ್ರಮವೂ ಧ್ಯಾನಕೇಂದ್ರವೂ ಒಂದೇ ಆವರಣದಲ್ಲಿರುವ ಖಡವಲಿಯ ಆ ಸ್ಥಳ ಈ ಎರಡು ಬಗೆಯ ಮೌನಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದೆ. ಮೊದಲನೆಯದು ಬರುವ ಮುನ್ನ ಎರಡನೆಯದನ್ನು ಕಲಿತುಕೊಳ್ಳಲು ಸಾಧ್ಯವೇ ಎಂಬುದನ್ನು ಪ್ರತಿಯೊಬ್ಬರೂ ತಾವೇ ಪರೀಕ್ಷಿಸಿ ನೋಡಬೇಕು. ಅಲ್ಲಿನ ಊಟದ ಖರ್ಚನ್ನು ಯಾರೋ ಅಪರಿಚಿತರು ಈಗಾಗಲೇ ಕೊಟ್ಟಿದ್ದಾರೆ.