ಕೇಳುವವರೂ ಉತ್ತರ ಹೇಳಬೇಕು

ಅಮೆರಿಕದಲ್ಲಿ ಆದಾಯ ತೆರಿಗೆ ಕಟ್ಟುವವರು ತುಂಬಬೇಕಾದ ಫಾರಂನ ಸಂಖ್ಯೆ 1040. ಇದನ್ನು ತುಂಬುವ ಬಗೆಯನ್ನು ವಿವರಿಸಲು ಅಲ್ಲಿನ ತೆರಿಗೆ ಇಲಾಖೆ ಒಂದು ದೊಡ್ಡ ಕೈಪಿಡಿಯನ್ನೇ ಹೊರಡಿಸುತ್ತದೆ. ಲೆಕ್ಕಾಚಾರದ ವಿವರಣೆಯೆಲ್ಲ ಮುಗಿದ ಮೇಲೆ, ಕೈಪಿಡಿಯ ಕೊನೆಯ ಭಾಗದಲ್ಲಿ, ಖಾಸಗಿತನ ಕಾಯ್ದೆಯ ಸೂಚನೆ ಎಂಬ ಬರಹವೊಂದಿದೆ. ಅದನ್ನು ಓದುವವರು ವಿರಳ. ಆದರೆ ಆ ನಾಲ್ಕು ಸಾಲಿನ ಹಿಂದೆ ಒಬ್ಬ ಅಧ್ಯಕ್ಷನ ಪತನದ ಕಥೆಯಿದೆ. ನಾಗರಿಕನ ಲೆಕ್ಕಪತ್ರದ ಕೀಲಿಕೈ ಯಾರ ಬಳಿ ಇರಬೇಕೆಂಬ ಹಳೆಯ ಜಗಳವೂ ಇದೆ.

ತೆರಿಗೆಯ ವಿವರ ಗುಟ್ಟಾಗಿರಬೇಕು ಎಂಬ ಭಾವನೆ ಆ ದೇಶದಲ್ಲಿ ಮೊದಲಿನಿಂದ ಇದ್ದದ್ದಲ್ಲ. 1860ರ ದಶಕದ ಅಂತರ್ಯುದ್ಧದ ಖರ್ಚಿಗಾಗಿ ಆದಾಯ ತೆರಿಗೆ ಹೇರಿದಾಗ, ಸಿರಿವಂತರ ವರಮಾನ ಎಷ್ಟೆಂಬುದನ್ನು ಪತ್ರಿಕೆಗಳು ಪಟ್ಟಿ ಮಾಡಿ ಅಚ್ಚು ಹಾಕಿದ್ದವು. 1924ರ ಕಾನೂನು ತೆರಿಗೆದಾರರ ಹೆಸರನ್ನೂ ಅವರು ಕಟ್ಟಿದ ಹಣವನ್ನೂ ಬಹಿರಂಗಪಡಿಸಲು ಹೇಳಿತು; 1926ರಲ್ಲಿ ಅದು ರದ್ದಾಯಿತು. 1934ರಲ್ಲಿ ಮತ್ತೆ ಅದೇ ಪ್ರಯತ್ನ ನಡೆದು, ಮರುವರ್ಷವೇ ಜನರ ವಿರೋಧಕ್ಕೆ ಮಣಿಯಿತು. ಆದರೂ ಒಂದು ಬಾಗಿಲು ತೆರೆದೇ ಇತ್ತು. ಅಧ್ಯಕ್ಷರು ಆಜ್ಞೆ ಹೊರಡಿಸಿದರೆ ಯಾವ ಇಲಾಖೆ ಬೇಕಾದರೂ ತೆರಿಗೆದಾರರ ವಿವರಪಟ್ಟಿಗಳನ್ನು ನೋಡಬಹುದಿತ್ತು. ಗುಟ್ಟು ಉಳಿಯುವುದು ಅಧ್ಯಕ್ಷರ ಸಂಯಮವನ್ನು ಅವಲಂಬಿಸಿತ್ತು.

ರಿಚರ್ಡ್ ನಿಕ್ಸನ್ ಕಾಲದಲ್ಲಿ ಆ ಸಂಯಮ ಕೈಕೊಟ್ಟಿತು. 1972ರ ಸೆಪ್ಟೆಂಬರ್‌ನಲ್ಲಿ ಶ್ವೇತಭವನದ ವಕೀಲ ಜಾನ್ ಡೀನ್, ತೆರಿಗೆ ಇಲಾಖೆಯ ಮುಖ್ಯಸ್ಥ ಜಾನಿ ವಾಲ್ಟರ್ಸ್ ಅವರ ಕೈಗೆ ನೂರಾರು ಹೆಸರುಗಳಿದ್ದ ಪಟ್ಟಿಯೊಂದನ್ನು ಕೊಟ್ಟು ತನಿಖೆ ನಡೆಸಲು ಹೇಳಿದರು. ಪಟ್ಟಿಯಲ್ಲಿದ್ದವರು ಎದುರಾಳಿ ಅಭ್ಯರ್ಥಿ ಮೆಕ್‌ಗವರ್ನ್ ಅವರ ಬೆಂಬಲಿಗರು. ವಾಲ್ಟರ್ಸ್ ತನಿಖೆಗೆ ಕೈಹಾಕಲಿಲ್ಲ. ಪಟ್ಟಿಯನ್ನು ಲಕೋಟೆಯಲ್ಲಿಟ್ಟು ತಿಜೋರಿಗೆ ಸೇರಿಸಿದರು. ಒಬ್ಬ ಅಧಿಕಾರಿಯ ಸ್ಥೈರ್ಯದಿಂದ ಆ ಅನ್ಯಾಯ ತಪ್ಪಿತು. 1973ರ ಆರಂಭದಲ್ಲಿ ನಿಕ್ಸನ್ ಆಜ್ಞೆಯೊಂದು ರೈತರ ತೆರಿಗೆ ವಿವರಗಳನ್ನು ಕೃಷಿ ಇಲಾಖೆ ನೋಡಲು ಅವಕಾಶ ಕೊಟ್ಟಿತು. ಗದ್ದಲವೆದ್ದ ಮೇಲೆ ಮರುವರ್ಷ ಅದನ್ನು ಹಿಂದಕ್ಕೆ ಪಡೆಯಲಾಯಿತು. ವಿಚಿತ್ರವೆಂದರೆ, ಅದೇ 1973ರಲ್ಲಿ ಸ್ವತಃ ನಿಕ್ಸನ್ ಅವರ ತೆರಿಗೆಯ ಗುಟ್ಟೂ ಸೋರಿಹೋಯಿತು. 1970ರ ಬಾಬ್ತು ಅವರು ಕಟ್ಟಿದ್ದು 800 ಡಾಲರಿಗೂ ಕಡಿಮೆ ಎಂಬುದು ಪತ್ರಿಕೆಯಲ್ಲಿ ಬಂತು. 1974ರ ಜುಲೈನಲ್ಲಿ ಸಂಸದೀಯ ಸಮಿತಿ ಅವರ ಮೇಲೆ ಹೊರಿಸಿದ ಆರೋಪಗಳಲ್ಲಿ ತೆರಿಗೆ ಮಾಹಿತಿಯ ದುರ್ಬಳಕೆಯ ಯತ್ನವೂ ಒಂದು. ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು.

ಇದೇ ಹೊತ್ತಿಗೆ ಸರ್ಕಾರದ ಕಚೇರಿಗಳಿಗೆ ಕಂಪ್ಯೂಟರು ಬಂದಿತ್ತು. ಕಪಾಟಿನಲ್ಲಿ ಬೇರೆ ಬೇರೆಯಾಗಿ ಬಿದ್ದಿದ್ದ ಕಡತಗಳನ್ನು ಒಂದೇ ಸಂಖ್ಯೆಯ ದಾರದಲ್ಲಿ ಪೋಣಿಸುವುದು ಸುಲಭವಾಗಿತ್ತು. ಪಿಂಚಣಿಯ ಲೆಕ್ಕಕ್ಕೆಂದು ಹುಟ್ಟಿದ ಸಾಮಾಜಿಕ ಭದ್ರತಾ ಸಂಖ್ಯೆಯನ್ನು ತೆರಿಗೆ ಇಲಾಖೆ 1960ರ ದಶಕದಲ್ಲೇ ತನ್ನದಾಗಿಸಿಕೊಂಡಿತ್ತು. ಈ ಬೆಳವಣಿಗೆಯನ್ನು ಪರಿಶೀಲಿಸಿದ ವಿಲ್ಲಿಸ್ ವೇರ್ ಅಧ್ಯಕ್ಷತೆಯ ಸಮಿತಿ 1973ರಲ್ಲಿ ಮಂಡಿಸಿದ ತತ್ವ ಸರಳವಾದದ್ದು: ಜನರಿಗೆ ಗೊತ್ತಿಲ್ಲದ ಕಡತವೇ ಇರಕೂಡದು, ಒಂದು ಉದ್ದೇಶಕ್ಕೆ ಪಡೆದದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಂದಕ್ಕೆ ಬಳಸಕೂಡದು.

1974ರ ಡಿಸೆಂಬರ್ 31ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಮಾಡಿದ ಖಾಸಗಿತನ ಕಾಯ್ದೆ ಈ ಚಿಂತನೆಯ ಫಲ. ಕೇಂದ್ರ ಸರ್ಕಾರದ ಯಾವುದೇ ಇಲಾಖೆ ವ್ಯಕ್ತಿಯಿಂದ ಮಾಹಿತಿ ಕೇಳಿ ಕಡತಕ್ಕೆ ಸೇರಿಸುವುದಾದರೆ ಆ ಫಾರಂನಲ್ಲೇ, ಇಲ್ಲವೇ ವ್ಯಕ್ತಿ ತನ್ನ ಬಳಿ ಇಟ್ಟುಕೊಳ್ಳಬಹುದಾದ ಬೇರೊಂದು ಹಾಳೆಯಲ್ಲಿ ಈ ಸಂಗತಿಗಳನ್ನು ತಿಳಿಸಬೇಕು. ಯಾವ ಕಾನೂನಿನ ಬಲದಿಂದ ಕೇಳುತ್ತಿದ್ದೇವೆ, ಉತ್ತರ ಕಡ್ಡಾಯವೋ ಐಚ್ಛಿಕವೋ, ಮುಖ್ಯ ಉದ್ದೇಶವೇನು, ಈ ಮಾಹಿತಿ ವಾಡಿಕೆಯಂತೆ ಯಾವ ಬಳಕೆಗೆ ಹೋಗುತ್ತದೆ, ಉತ್ತರಿಸದಿದ್ದರೆ ಏನಾಗುತ್ತದೆ. ಸಾಮಾಜಿಕ ಭದ್ರತಾ ಸಂಖ್ಯೆ ಕೇಳುವಾಗ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳೂ ಇಂಥದೇ ವಿವರಣೆ ಕೊಡಬೇಕೆಂದು ಕಾಯ್ದೆ ವಿಧಿಸಿತು.

ಇನ್ನೊಂದು ಬಾಗಿಲನ್ನು 1976ರ ತೆರಿಗೆ ಸುಧಾರಣಾ ಕಾಯ್ದೆ ಮುಚ್ಚಿತು. ತೆರಿಗೆ ವಿವರ ಗೋಪ್ಯ ಎಂಬುದೇ ನಿಯಮವಾಯಿತು. ಯಾರು, ಯಾವಾಗ ನೋಡಬಹುದೆಂಬ ವಿನಾಯಿತಿಗಳನ್ನು ಸಂಸತ್ತೇ ಬರೆದಿಟ್ಟಿತು. ಅಧ್ಯಕ್ಷರಿಗೆ ಒಬ್ಬರ ವಿವರ ಬೇಕಾದರೆ ಅವರೇ ಖುದ್ದಾಗಿ ಸಹಿ ಮಾಡಿದ ಲಿಖಿತ ಕೋರಿಕೆ ಸಲ್ಲಿಸಬೇಕು. ಬಾಯಿಮಾತಿನ ಆದೇಶ, ಅನಾಮಧೇಯ ಪಟ್ಟಿ ನಡೆಯುವುದಿಲ್ಲ.

ಹಾಗೆಂದು ಸೂಚನೆಯನ್ನು ಅನುಮತಿಯೆಂದು ತಿಳಿಯಬಾರದು. ತೆರಿಗೆ ಫಾರಂನ ಉತ್ತರ ಕಡ್ಡಾಯವೆಂದು ಅದೇ ಸೂಚನೆ ಹೇಳುತ್ತದೆ, ಕೊಡದಿದ್ದರೆ ದಂಡ. ಸೂಚನೆಯಲ್ಲಿ ಕೊರತೆಯಿದೆ, ಆದ್ದರಿಂದ ತೆರಿಗೆ ಕಟ್ಟಬೇಕಿಲ್ಲ ಎಂದು ವಾದಿಸಿದವರನ್ನು ಅಲ್ಲಿನ ನ್ಯಾಯಾಲಯಗಳು ಮತ್ತೆ ಮತ್ತೆ ಬರಿಗೈಯಲ್ಲಿ ಕಳಿಸಿವೆ. ಸೂಚನೆಯ ಬೆಲೆ ಇರುವುದು ಬೇರೆಡೆ. ಮಾಹಿತಿ ಯಾರ ಕೈಗೆ ಹೋಗಬಹುದು ಎಂಬುದನ್ನು ಅದು ಮೊದಲೇ ಬಾಯಿಬಿಟ್ಟು ಹೇಳುತ್ತದೆ. ತೆರಿಗೆಗೆ ಸಂಬಂಧಿಸದ ಅಪರಾಧಗಳ ತನಿಖೆಗೂ ವಿವರ ಕೊಡಬಹುದೆಂಬ ಮಾತು 1040ರ ಸೂಚನೆಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಖಜಾನೆ ಇಲಾಖೆ ಮತ್ತು ಆಂತರಿಕ ಭದ್ರತಾ ಇಲಾಖೆ, ವಲಸಿಗರ ತೆರಿಗೆ ದಾಖಲೆಯಲ್ಲಿರುವ ವಿಳಾಸ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಾಗ ಇಂಥ ವಿನಾಯಿತಿಯ ಅರ್ಥವೆಷ್ಟು ವಿಶಾಲ ಎಂಬುದೇ ವಿವಾದವಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಕಾಗದಪತ್ರವಿಲ್ಲದಿದ್ದರೂ ಪ್ರಾಮಾಣಿಕವಾಗಿ ತೆರಿಗೆ ಕಟ್ಟಿ, ಮನೆಯ ವಿಳಾಸ ಬರೆದುಕೊಟ್ಟವರಿಗೆ ಆ ಸಣ್ಣ ಅಕ್ಷರಗಳು ಸಣ್ಣವಾಗಿ ಉಳಿಯಲಿಲ್ಲ.

ಭಾರತದಲ್ಲಿ ಈ ಪ್ರಶ್ನೆಗೆ ಹೆಸರು ಕೊಟ್ಟವರು ಕನ್ನಡನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿತು. ಆದರೆ ಪ್ಯಾನ್ ಸಂಖ್ಯೆಗೆ ಆಧಾರ್ ಜೋಡಿಸುವ ನಿಯಮವನ್ನು 2018ರ ತೀರ್ಪು ಎತ್ತಿಹಿಡಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವಾಗ ಸೂಚನೆ ಕೊಡಬೇಕೆಂದೂ ಅದನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ ಓದುವ ಅವಕಾಶವಿರಬೇಕೆಂದೂ ಹೇಳುತ್ತದೆ.

ತೆರಿಗೆ ಕೇಳುವುದು ರಾಜ್ಯದ ಹಕ್ಕು. ಅದನ್ನು ಅಲ್ಲಗಳೆದವರು ಕಡಿಮೆ. ಕೇಳಿದ್ದೇಕೆ, ಕೇಳಿದ್ದನ್ನು ಯಾರಿಗೆ ಕೊಡುತ್ತೀರಿ ಎಂಬ ಮರುಪ್ರಶ್ನೆ ಪ್ರಜೆಯ ಹಕ್ಕು. ಒಬ್ಬ ಅಧಿಕಾರಿಯ ತಿಜೋರಿಯನ್ನೇ ನಂಬಿಕೊಂಡು ಒಂದು ದೇಶ ಇರಲಾಗದು ಎಂಬ ಅರಿವಿನಿಂದ ಆ ಮರುಪ್ರಶ್ನೆ ಸರ್ಕಾರಿ ಫಾರಂನ ಜತೆಗೇ ಅಚ್ಚಾಯಿತು. ಅದಕ್ಕೆ ಬಲ ಬರುವುದು ಓದುವವರು ಇದ್ದಾಗ ಮಾತ್ರ.