ಪಂಚಗಂಗೆಯ ದಡದಲ್ಲಿ ಗ್ರೀಕರ ಸಮುದ್ರದೇವತೆ

ಭೀಮಾತೀರದ ನಮ್ಮ ಭಂಡಾರಕವಠೆಯಿಂದ ಗ್ರೀಸ ದೇಶವು ಸಾವಿರಾರು ಮೈಲು ದೂರ. ಆದುದರಿಂದ ವರ್ಗದಲ್ಲಿ ಗ್ರೀಕರ ಪುರಾಣಕಥೆಯನ್ನು ಹೇಳಹೊರಟಾಗ ಒಬ್ಬ ಬಾಲಕನಾದರೂ, "ಗುರುಜೀ, ನಮ್ಮ ರಾಮಾಯಣ ಭಾರತಗಳೇ ಮುಗಿಯದಷ್ಟಿವೆ, ಅವರ ದೇವರ ಕಥೆ ನಮಗೇಕೆ?" ಎಂದು ಕೇಳದೆ ಇರುವದಿಲ್ಲ. ಊರಿನ ಹಿರಿಯರು ಕೇಳುವ ಪ್ರಶ್ನೆ ಬೇರೊಂದು. ಕನ್ನಡ ಶಾಲೆಯಲ್ಲಿ ಕಲಿತ ಹುಡುಗನಿಗೆ ಹೊರಗಿನ ಜಗತ್ತು ತಿಳಿದೀತೇ ಎಂಬುದು ಅವರ ಚಿಂತೆ. ಈ ಎರಡೂ ಪ್ರಶ್ನೆಗಳು ಯೋಗ್ಯವಾದುವೇ. ಅವುಗಳಿಗೆ ನಮಗೆ ತೋರಿದ ಉತ್ತರವನ್ನು ಶಿಕ್ಷಕ ಬಂಧುಗಳ ಮತ್ತು ವಿದ್ಯಾರ್ಥಿಮಿತ್ರರ ಮುಂದೆ ಇಡುತ್ತಿದ್ದೇವೆ.

ಉತ್ತರವನ್ನು ಹುಡುಕಲು ಗ್ರೀಸಿಗೆ ಹೋಗಬೇಕಾಗಿಲ್ಲ. ಕೊಲ್ಲಾಪುರಕ್ಕೆ ಹೋದರೆ ಸಾಕು. ಅಲ್ಲಿ ಪಂಚಗಂಗಾ ನದಿಯ ದಡದಲ್ಲಿ ಬ್ರಹ್ಮಪುರಿ ಎಂಬ ದಿಬ್ಬವಿದೆ. 1944ರಿಂದ 1946ರ ವರೆಗಿನ ಅವಧಿಯಲ್ಲಿ ಆ ದಿಬ್ಬವನ್ನು ಅಗೆದು ನೋಡುವ ಕಾರ್ಯವು ನಡೆಯಿತು. ಅದಕ್ಕೆ ಮೊದಲು ಕೈಹಾಕಿದವರು ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು. ತರುವಾಯ ಪುಣೆಯ ಡೆಕ್ಕನ್ ಕಾಲೇಜಿನ ಸಾಂಕಳಿಯಾ ಮತ್ತು ದೀಕ್ಷಿತ ಎಂಬ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದರು. ಸಾತವಾಹನರ ಕಾಲದ ಮನೆಗಳ ಅವಶೇಷಗಳೊಂದಿಗೆ ಆ ಸ್ಥಳದಲ್ಲಿ ಕಂಚಿನ ಅನೇಕ ವಸ್ತುಗಳು ದೊರೆತವು. ಅವುಗಳಲ್ಲಿ ಒಂದು ಪುಟ್ಟ ವಿಗ್ರಹ. ಗಡ್ಡಧಾರಿಯಾದ ಪುರುಷ, ಬತ್ತಲೆ ಮೈ, ಎತ್ತಿ ಹಿಡಿದ ಕೈಯಲ್ಲಿ ಒಮ್ಮೆ ತ್ರಿಶೂಲವಿದ್ದಿರಬೇಕೆಂದು ಪಂಡಿತರ ಊಹೆ. ಇವನೇ ಗ್ರೀಕರ ಸಮುದ್ರದೇವತೆಯಾದ ಪೊಸೈಡನ್. ರೋಮ ಸಾಮ್ರಾಜ್ಯದಲ್ಲಿ ಗ್ರೀಕ ಮಾದರಿಯಲ್ಲಿ ಎರಕಗೊಂಡ ಈ ವಿಗ್ರಹವು ಇಂದು ಕೊಲ್ಲಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿದೆ.

ಕುಂದಣಗಾರರು ಯಾರು? ಬೆಳಗಾವಿ ಜಿಲ್ಲೆಯ ಕೌಜಲಗಿಯವರು. ಕನ್ನಡದ ಹಿರಿಯ ಶಾಸನಸಂಶೋಧಕರು. 1961ರಲ್ಲಿ ಗದಗಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರು. ಗ್ರೀಕರ ದೇವತೆ ಮಲಗಿದ್ದ ದಿಬ್ಬಕ್ಕೆ ಮೊದಲು ಗುದ್ದಲಿ ಹಾಕಿಸಿದವರು ಕನ್ನಡದ ಒಬ್ಬ ಮೇಷ್ಟರೇ ಎಂಬುದನ್ನು ನಮ್ಮ ಹಿರಿಯರು ಮರೆಯಬಾರದು.

ಸಮುದ್ರದ ದೇವರು ನದಿಯ ದಡಕ್ಕೆ ಬಂದದ್ದು ಹೇಗೆ? ವ್ಯಾಪಾರದ ಹಾದಿಯಿಂದ. ಕ್ರಿ. ಶ. ಒಂದನೆಯ ಶತಮಾನದಲ್ಲಿ ಹೆಸರು ತಿಳಿಯದ ಒಬ್ಬ ನಾವಿಕ ವರ್ತಕನು ಗ್ರೀಕ ಭಾಷೆಯಲ್ಲಿ 'ಪೆರಿಪ್ಲಸ್' ಎಂಬ ಸಮುದ್ರಯಾನದ ಕೈಪಿಡಿಯನ್ನು ಬರೆದನು. ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ಹಾದಿಯಲ್ಲಿ ತಗರ ಎಂಬ ದೊಡ್ಡ ಪಟ್ಟಣವಿದೆಯೆಂದೂ, ಅಲ್ಲಿಯ ಬಟ್ಟೆ ಬಂಡಿಗಳಲ್ಲಿ ಭರೂಚ ಬಂದರಿಗೆ ಹೋಗುತ್ತದೆಂದೂ ಅವನು ಹೇಳುತ್ತಾನೆ. ಆ ತಗರವೇ ನಮ್ಮ ಸೋಲಾಪುರದ ನೆರೆಯ ಧಾರಾಶಿವ ಜಿಲ್ಲೆಯ ತೇರ. ಕೊಲ್ಲಾಪುರದ ಶಿಲಾಹಾರ ಅರಸರು ತಮ್ಮ ಶಾಸನಗಳಲ್ಲಿ 'ತಗರಪುರವರಾಧೀಶ್ವರ' ಎಂದು ಹೇಳಿಕೊಂಡದ್ದೂ ಈ ಊರಿನ ಹೆಸರಿನಿಂದಲೇ. ಕನ್ನಡದ ಮೊದಲ ಶಾಸನಗಳಲ್ಲಿ ಒಂದಾದ ಹಲ್ಮಿಡಿಯ ಶಾಸನವು ಸುಮಾರು ಕ್ರಿ. ಶ. 450ರದು. ಅದಕ್ಕೂ ಕೆಲವು ಶತಮಾನಗಳ ಹಿಂದೆಯೇ ನಮ್ಮ ಸೀಮೆಯ ಬಟ್ಟೆ ಅತ್ತ ಹೋಗುತ್ತಿತ್ತು. ಅತ್ತಣ ದೇವರು ಇತ್ತ ಬರುತ್ತಿದ್ದನು.

ಇನ್ನು ಈ ದೇವರ ಕುಲವನ್ನು ನೋಡೋಣ. ಕ್ರೋನಸನಿಗೆ ಮೂವರು ಗಂಡುಮಕ್ಕಳು: ಜ್ಯೂಸ್, ಪೊಸೈಡನ್, ಹೇಡೀಸ್. ತಂದೆಯನ್ನು ಸೋಲಿಸಿದ ಬಳಿಕ ಮೂವರೂ ಚೀಟಿ ಎತ್ತಿ ಆಸ್ತಿಯ ಪಾಲು ಮಾಡಿಕೊಂಡರು. ಜ್ಯೂಸನಿಗೆ ಆಕಾಶ, ಪೊಸೈಡನನಿಗೆ ಸಮುದ್ರ, ಹೇಡೀಸನಿಗೆ ಸತ್ತವರ ಲೋಕ ಬಂದವು. ಭೂಮಿಯೂ ಒಲಿಂಪಸ್ ಪರ್ವತವೂ ಮೂವರಿಗೂ ಸಾಮಾನ್ಯವಾಗಿ ಉಳಿದವು. ಅಣ್ಣತಮ್ಮಂದಿರ ಹೊಲದ ವಾಟಣಿಯನ್ನು ಕಂಡ ನಮ್ಮ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಜ್ಯೂಸ್ ಎಂಬ ಹೆಸರೂ ವೇದದ 'ದ್ಯೌಃ' ಎಂಬ ಹೆಸರೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಸಿದ್ಧಪಡಿಸಿದ್ದಾರೆ. ಜ್ಞಾನದ ಅಥೀನಾ, ಬೆಳಕಿನ ಮತ್ತು ಸಂಗೀತದ ಅಪೊಲೊ, ಪ್ರೇಮದ ಅಫ್ರೊಡೈಟಿ, ಯುದ್ಧದ ಏರೀಸ್ ಇವರೆಲ್ಲರೂ ಒಲಿಂಪಸ್ಸಿನ ವಾಸಿಗಳು. ಮಾನವರಿಗಾಗಿ ಬೆಂಕಿಯನ್ನು ಕದ್ದು ಶಿಕ್ಷೆಯನ್ನುಂಡ ಪ್ರೊಮಿಥ್ಯೂಸನನ್ನೂ ಹನ್ನೆರಡು ಸಾಹಸಗಳ ಹೆರಾಕ್ಲಿಸನನ್ನೂ ಮಕ್ಕಳು ಒಮ್ಮೆ ಕೇಳಿದರೆ ಮರೆಯಲಾರರು.

ಆದರೆ ಪೊಸೈಡನನನ್ನು ಅರಿಯಬೇಕಾದರೆ ಒಡಿಸ್ಯೂಸನ ಕಥೆಯನ್ನು ಹೇಳಲೇಬೇಕು. ಹತ್ತು ವರ್ಷಗಳ ಟ್ರಾಯ್ ಯುದ್ಧವನ್ನು ಮುಗಿಸಿ ಮನೆಗೆ ಹೊರಟ ಆ ವೀರನು ಸಂಗಡಿಗರೊಡನೆ ಪಾಲಿಫೀಮಸ್ ಎಂಬ ಒಕ್ಕಣ್ಣ ರಾಕ್ಷಸನ ಗವಿಯನ್ನು ಹೊಕ್ಕನು. ಅತಿಥಿಯನ್ನು ಆದರಿಸುವದು ಗ್ರೀಕರಲ್ಲಿಯೂ ದೊಡ್ಡ ಧರ್ಮ. ಜ್ಯೂಸನೇ ಅದರ ರಕ್ಷಕ. ಈ ರಾಕ್ಷಸನಾದರೋ ಬಂದ ಅತಿಥಿಗಳನ್ನೇ ತಿನ್ನತೊಡಗಿದನು. ಒಡಿಸ್ಯೂಸನು ತನ್ನ ಹೆಸರು 'ಯಾರೂ ಇಲ್ಲ' ಎಂದು ಹೇಳಿ, ಮದ್ಯ ಕುಡಿಸಿ, ಅವನು ನಿದ್ದೆಹೋದಾಗ ಕಣ್ಣನ್ನು ಇರಿದನು. "ನಿನ್ನನ್ನು ಕೊಲ್ಲುವವರು ಯಾರು?" ಎಂದು ನೆರೆಯವರು ಕೇಳಿದರೆ ರಾಕ್ಷಸನು "ಯಾರೂ ಇಲ್ಲ" ಎಂದು ಕೂಗಿದನು, ಅವರು ಹಾಗೆಯೇ ಹೊರಟುಹೋದರು. ಒಡಿಸ್ಯೂಸನು ಇಷ್ಟಕ್ಕೇ ಸುಮ್ಮನಿದ್ದರೆ ಒಳಿತಾಗುತ್ತಿತ್ತು. ಹಡಗು ದಡ ಬಿಟ್ಟ ಮೇಲೆ ಗೆಲವಿನ ಮದವೇರಿ, ತನ್ನ ನಿಜವಾದ ಹೆಸರನ್ನೂ ತಂದೆಯ ಹೆಸರನ್ನೂ ಊರನ್ನೂ ಕೂಗಿ ಹೇಳಿದನು. ರಾಕ್ಷಸನು ಪೊಸೈಡನನ ಮಗ. ಅವನು ಹೆಸರು ಹಿಡಿದು ತಂದೆಯಲ್ಲಿ ಮೊರೆಯಿಟ್ಟನು. ಸಮುದ್ರವೇ ಹಗೆಯಾಯಿತು. ಒಡಿಸ್ಯೂಸನು ಟ್ರಾಯ್ ಬಿಟ್ಟು ತನ್ನ ಮನೆಯ ಹೊಸ್ತಿಲನ್ನು ಕಾಣುವಷ್ಟರಲ್ಲಿ ಹತ್ತು ವರ್ಷಗಳು ಕಳೆದುಹೋದವು. ಸಂಗಡಿಗರಲ್ಲಿ ಒಬ್ಬನೂ ಉಳಿಯಲಿಲ್ಲ.

ಗ್ರೀಕ ಪುರಾಣದ ಮುಖ್ಯ ವಿಚಾರಗಳು ಈ ಒಂದು ಕಥೆಯಲ್ಲಿಯೇ ಕಾಣುತ್ತವೆ. ಮಾನವನು ತನ್ನ ಮೇರೆಯನ್ನು ಮೀರಿ ಮೆರೆದರೆ ಅದು ಅವರಲ್ಲಿ 'ಹ್ಯೂಬ್ರಿಸ್' ಎಂಬ ಮದ. ಅದಕ್ಕೆ ತಪ್ಪದೆ ಬರುವ ಪ್ರತಿಫಲ 'ನೆಮೆಸಿಸ್'. ಎಲ್ಲಕ್ಕೂ ಮಿಗಿಲಾಗಿ 'ಮೊಯ್ರಾ' ಎಂಬ ವಿಧಿಯಿದೆ. ಇದನ್ನು ನಮ್ಮ ಕರ್ಮಸಿದ್ಧಾಂತವೆಂದು ತಿಳಿದರೆ ತಪ್ಪಾಗುವದು. ಕರ್ಮವು ಮಾಡಿದವನ ಲೆಕ್ಕ. ಮೊಯ್ರಾ ಹುಟ್ಟಿದವನ ಪಾಲು. ನಮ್ಮಲ್ಲಿ ಮುಂದಿನ ಜನ್ಮದ ಭರವಸೆಯುಂಟು. ಹೋಮರನ ವೀರರಿಗೆ ಅದಿಲ್ಲ. ಸತ್ತ ಮೇಲೆ ಹೇಡೀಸನ ಲೋಕದಲ್ಲಿ ನೆರಳಾಗಿ ಇರಬೇಕಷ್ಟೆ. ಆದುದರಿಂದಲೇ ಅಖಿಲೀಸನಂಥವನು ದೀರ್ಘಾಯುಷ್ಯವನ್ನು ಬಿಟ್ಟು ಕೀರ್ತಿಯನ್ನು ಆರಿಸಿಕೊಂಡನು. ಹೋಲಿಕೆಯಿಂದ ಕಥೆ ಹತ್ತಿರವಾಗುತ್ತದೆ. ಭೇದದಿಂದ ಅದರ ಅರ್ಥ ತಿಳಿಯುತ್ತದೆ. ಪಾಠ ಹೇಳುವಾಗ ಎರಡನ್ನೂ ಬಿಡಲಾಗದು.

ಮದ್ಯ ಕುಡಿಸಿ ಪಾರಾಗುವ ಈ ಉಪಾಯವು ಇನ್ನೊಂದು ದಾರಿಯಿಂದಲೂ ಕನ್ನಡಕ್ಕೆ ಸಂಬಂಧಿಸಿದೆ. ಈಜಿಪ್ತದ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ ಪ್ರಹಸನವಿದೆ. ಖಾರಿಷನ್ ಎಂಬ ಗ್ರೀಕ ತರುಣಿಯು ಹಿಂದೂಸ್ಥಾನದ ಕಡಲತೀರದಲ್ಲಿ ಸೆರೆಯಲ್ಲಿದ್ದಾಳೆ. ಅವಳ ಕಡೆಯವರು ಅಲ್ಲಿಯ ಅರಸನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅರಸನ ಕಡೆಯವರು ಆಡುವ ಮಾತುಗಳು ಕನ್ನಡವೆಂದು ಜರ್ಮನಿಯ ಹುಲ್ಟ್ಶ್ ಪಂಡಿತರು ಸೂಚಿಸಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಿಚಾರವನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಹೀಗಿರುವಾಗ ಅದನ್ನು ಸಿದ್ಧವಾದ ಸಂಗತಿಯೆಂದು ಮಕ್ಕಳಿಗೆ ಹೇಳುವದು ಸರಿಯಲ್ಲ. ವಾದವೆಂದೇ ಹೇಳಿದರೆ ಇತಿಹಾಸ ಹೇಗೆ ಬರೆಯಲ್ಪಡುತ್ತದೆಂಬುದನ್ನೂ ಅವರು ಕಲಿಯುವರು.

ವಾದವಿಲ್ಲದೆ ನಿಂತ ಸಂಬಂಧವು ಬಿ. ಎಂ. ಶ್ರೀಕಂಠಯ್ಯನವರದು. 1929ರಲ್ಲಿ ಪ್ರಕಟವಾದ ಅವರ 'ಅಶ್ವತ್ಥಾಮನ್' ಎಂಬ ರುದ್ರನಾಟಕಕ್ಕೆ ಸೊಫೋಕ್ಲೀಸನ 'ಅಜಾಕ್ಸ್' ಮೂಲ. ಅಖಿಲೀಸನ ಆಯುಧಗಳು ತನಗೆ ದೊರೆಯದೆ ಒಡಿಸ್ಯೂಸನ ಪಾಲಾದವೆಂದು ಅಜಾಕ್ಸನು ಕ್ರೋಧಗೊಂಡನು. ಅಥೀನೆಯು ಅವನ ಬುದ್ಧಿಯನ್ನು ಕೆಡಿಸಲು, ಶತ್ರುಗಳೆಂದು ಬಗೆದು ದನಕುರಿಗಳನ್ನು ಕಡಿದನು. ಬುದ್ಧಿ ತಿಳಿಯಾದ ಮೇಲೆ ಅಪಮಾನವನ್ನು ತಾಳದೆ ತನ್ನ ಕತ್ತಿಗೆ ತಾನೇ ಬಲಿಯಾದನು. ಇದಕ್ಕೆ ಸರಿಜೋಡಿಯನ್ನು ಶ್ರೀಯವರು ರಾತ್ರಿಯ ಕಗ್ಗೊಲೆಯ ಅಶ್ವತ್ಥಾಮನಲ್ಲಿ ಕಂಡರು. ಆದರೆ ನಮ್ಮ ಅಶ್ವತ್ಥಾಮನು ಚಿರಂಜೀವಿ. ಅವನನ್ನು ರಂಗದ ಮೇಲೆ ಸಾಯಿಸಬಹುದೇ? ಶ್ರೀಯವರು ಸಾಯಿಸಿದರು, ಆಕ್ಷೇಪಣೆಗಳೂ ಬಂದವು. ನಮಗೆ ತೋರುವಂತೆ ಗ್ರೀಕರ ವಿಧಿಯೂ ನಮ್ಮ ಪುರಾಣವೂ ಎದುರುಬದರಾದ ಸ್ಥಳ ಇದೇ. ಮಾನ ಹೋದ ವೀರನಿಗೆ ಸಾವು ಬಿಡುಗಡೆಯೆಂದು ಗ್ರೀಕ ಕವಿ ಬಗೆದನು. ಸಾವಿಲ್ಲದೆ ಅಲೆಯುವದೇ ಶಿಕ್ಷೆಯೆಂದು ನಮ್ಮ ವ್ಯಾಸರು ಬಗೆದರು. ಯಾವುದು ಕಠಿಣ ಎಂದು ಮೇಲಿನ ವರ್ಗದ ಮಕ್ಕಳನ್ನು ಕೇಳಿ ನೋಡಬೇಕು.

ಬಾಲಕನಿಗೆ ನಾವು ಕೊಡುವ ಉತ್ತರವಿಷ್ಟೇ: ನೆರೆಯವರ ಕಥೆಯನ್ನು ಕೇಳಿದಾಗಲೇ ನಮ್ಮ ಕಥೆಯಲ್ಲಿ ಏನಿದೆಯೆಂಬುದು ಚೆನ್ನಾಗಿ ತಿಳಿಯುವದು. ಹಿರಿಯರಿಗೆ ಕೊಡುವ ಉತ್ತರ: ಪೊಸೈಡನನಿದ್ದ ದಿಬ್ಬವನ್ನು ಅಗೆಸಿದವರು, ಖಾರಿಷನ್ ಪ್ರಹಸನವನ್ನು ವಿಚಾರಿಸಿದವರು, ಅಜಾಕ್ಸನಿಗೆ ಕನ್ನಡದ ಮಾತು ಕೊಟ್ಟವರು ಎಲ್ಲರೂ ಕನ್ನಡದ ಮಕ್ಕಳೇ. ಕನ್ನಡವು ಅವರಿಗೆ ಜಗತ್ತಿನ ಬಾಗಿಲನ್ನು ಮುಚ್ಚಲಿಲ್ಲ. ಪಂಚಗಂಗೆಯ ನೀರೂ ನಮ್ಮ ಭೀಮೆಯ ನೀರೂ ಕೊನೆಗೆ ಕೃಷ್ಣೆಯನ್ನೇ ಸೇರುತ್ತವೆ. ಮುಂದಿನ ಶಾಲಾಪ್ರವಾಸ ಕೊಲ್ಲಾಪುರಕ್ಕೆ ಹೊರಟರೆ, ಅಂಬಾಬಾಯಿಯ ದರ್ಶನ ಮುಗಿಸಿದ ಮೇಲೆ ಮಕ್ಕಳನ್ನು ಟೌನ್ ಹಾಲಿಗೂ ಕರೆದೊಯ್ಯಿರೆಂದು ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ.